ಅವ್ವಗ ತಂದ ಸಮುದ್ರ

ಒಂದೀಟು ತಡೀರಿ. ಚಾ ಆರಿದ್ರ ಆರಲಿ, ಇದನ್ನ ಕೇಳಿ ಆಮ್ಯಾಲೆ ನಿಮ್ಮ ಕೆಲಸಕ್ಕ ಹೋಗ್ರಿ. ನಾನೇನು ಬರಿಯೂದು ಕಲತಾಕಿ ಅಲ್ಲ. ಟೈಪ್ ಮಾಡೂದು ಸುದ್ದಾ ಕ್ಲಾಸಿಗೆ ಹೋಗಿ ಕಲತಿಲ್ಲ, ಎರಡಽ ಬೆರಳಲೆ ಹೊಡೀತೇನಿ, ಬಾಯಿಗೆ ಹೆಂಗ ಬರತೈತೋ ಹಂಗ. ಒಂದು ಪ್ರಶ್ನಿ ತಲ್ಯಾಗ ಕುಂತು ಭಾಳ ವರ್ಷ ಆತು. ಪ್ರವಾಸಕ್ಕ ಹೋದವ್ರು ಅಲ್ಲಿಂದ ನೆನಪಿಗಂತ ಏನರ ತರತಾರಲ್ಲ, ಶಂಖ, ಬೊಂಬಿ, ಫೋಟೋ, ಅದರಿಂದ ಯಾರಿಗರ ಖರೇನಽ ಉಪಯೋಗ ಐತೇನು? ಸಿಕ್ಕ ಸಿಕ್ಕವರನ್ನ ಕೇಳೇನಿ. ಕೆಲವರು ನಗತಾರ. ಕೆಲವರು "ಧೂಳು ಕೂಡಾಕ ಉಪಯೋಗ" ಅಂತಾರ. ನಾನು ನಮ್ಮ ಮನೀದು ಹೇಳತೇನಿ, ಆಮ್ಯಾಲೆ ನೀವಽ ನೋಡ್ರಿ.

ನಮ್ಮ ಮನಿ ಬೆಟಗೇರ್ಯಾಗ. ಓಣಿ ಕಡೀಕ ಒಂದು ಸಣ್ಣ ಗುಡಿ, ಅದರ ಪೂಜಿ ಅಜ್ಜನ ಅಜ್ಜನ ಕಾಲದಿಂದ ನಮ್ಮ ಮನಿತನದ್ದು. ಅಪ್ಪ ಗದಗಿನ ಒಂದು ಸಾಲ್ಯಾಗ ಮಾಸ್ತರ. ಮುಂಜಾನೆ ಪೂಜಿ ಮುಗಿಸಿ, ಧೋತರ ಬಿಟ್ಟು ಪ್ಯಾಂಟು ಹಾಕ್ಕೊಂಡು ಸೈಕಲ್ ಹತ್ತಿ ಹೋಗತಿದ್ದ. ನೈವೇದ್ಯದ ಅಡಗಿ ಅವ್ವಂದು. ಮಡೀಲೆ ಮಾಡಬೇಕು, ಬ್ಯಾರೆ ಒಲಿ, ಬ್ಯಾರೆ ಪಾತ್ರಿ, ದಿನಾ. ನೈವೇದ್ಯ ತಪ್ಪಿಸೂಹಂಗಿಲ್ಲ, ಬ್ಯಾರೆ ಮನಿಯವರು ಮಾಡೂಹಂಗಿಲ್ಲ. ನಮ್ಮ ಮನ್ಯಾಗ ಹುಟ್ಟಿದವರು, ಇಲ್ಲಾ ನಮ್ಮ ಮನಿಗೆ ಲಗ್ನ ಆಗಿ ಬಂದವರಽ ಮಾಡಬೇಕು. ನಾನು ಹುಟ್ಟಿದ್ದು ಆ ಮನ್ಯಾಗ ಖರೆ, ಆದ್ರ ಲಗ್ನ ಆಗದ ಹುಡಿಗಿ ಆ ಒಲಿ ಮುಟ್ಟೂಹಂಗಿಲ್ಲ. ತಿಂಗಳಾ ಮೂರು ದಿನ ಅವ್ವ ಹೊರಗ ಕುಂತಾಗ ಅಪ್ಪ ಹಾಲು ಸಕ್ಕರಿ ಇಟ್ಟು ಮುಗಸತಿದ್ದ. ಅದು ಬ್ಯಾರೆ. ತಾನಾಗಿ ಊರು ನೋಡಾಕ ಹೋಗಿ ದೇವರನ್ನ ಹಾಲು ಸಕ್ಕರಿ ಮ್ಯಾಲೆ ಬಿಡೂದು ಅವ್ವನ ಕೈಲೆ ಆಗತಿರಲಿಲ್ಲ.

ಹಿಂಗಾಗಿ ಅಕಿ ಎಲ್ಲೂ ಹೋಗಿರಲಿಲ್ಲ. ಮುಂಡರಗಿ ಕಡೆ ತವರುಮನಿ, ಲಕ್ಷ್ಮೇಶ್ವರದಾಗ ಅತ್ತಿ ಮನಿ, ಶಿರಹಟ್ಟ್ಯಾಗ ಒಂದೆರಡು ಲಗ್ನ, ಅಷ್ಟಽ. ಮುಂಜಾನೆ ನೈವೇದ್ಯ ಮುಗಿಸಿ ಬಸ್ ಹತ್ತಿ, ಮರುದಿನ ನೈವೇದ್ಯದ ಹೊತ್ತಿಗೆ ತಿರುಗಿ ಬರೂವಷ್ಟು ದೂರ. ಅಕಿ ಜಗತ್ತು ಅಷ್ಟಿತ್ತು.

ಆದ್ರ ಜಗತ್ತು ಅಕಿ ಮನಿಗೆ ಬರತಿತ್ತು ನೋಡ್ರಿ. ಎಪ್ಪತ್ತರ ದಶಕದಾಗ ನಮ್ಮ ಓಣ್ಯಾಗ ಯಾತ್ರಾದ ಹುಚ್ಚು ಭಾಳ. ಸುಗ್ಗಿ ಮುಗೀತಂದ್ರ ಯಾರೋ ಒಬ್ಬರು ಬಸ್ ಗೊತ್ತು ಮಾಡತಿದ್ರು. ಹೋಗಿ ಬಂದವ್ರು ಗುಡಿಗೆ ಬರತಿದ್ರು, ಗುಡಿಯಿಂದ ನಮ್ಮ ಮನಿಗೆ. "ನೀವಂತೂ ಬರಲಿಲ್ಲ, ಅದಕ್ಕ ತಂದೇನ್ರಿ" ಅಂತ ಏನರ ಕೈಯಾಗ ಇಡತಿದ್ರು. ಪಂಢರಪುರದ ತುಳಸಿ ಮಣಿ, ಕೊಲ್ಹಾಪುರದ ಕುಂಕುಮ, ವಿಜಾಪುರದಿಂದ ಹಿಡಿಯಷ್ಟು ದೊಡ್ಡ ಗೋಳಗುಮ್ಮಟ, ರಾಮೇಶ್ವರದ ಶಂಖ, ಮೈಸೂರಿನ ಗಂಧದ ಆನಿ. ಆನಿಗೆ ಒಂದು ದಂತ ಇರಲಿಲ್ಲ, ಬಸ್ಸಿನ್ಯಾಗ ಮುರದಿತ್ತಂತ. ಅವ್ವ ಎಲ್ಲಾ ಪಡಸಾಲಿ ಗೂಡಿನ್ಯಾಗ ಸಾಲಾಗಿ ಇಟ್ಟಿದ್ಲು. ಶುಕ್ರವಾರಕ್ಕೊಮ್ಮೆ ಒಂದೊಂದಽ ತಗದು ಸೆರಗಿಲೆ ಒರಸತಿದ್ಲು. ಒರಸೂ ಮುಂದ ಒಂದೊಂದು ಊರಿನ ಸುದ್ದಿ ಹೇಳತಿದ್ಲು. ತಾನು ಕಂಡಂಗ. ಗೋಳಗುಮ್ಮಟದಾಗ ಪಿಸುಗುಟ್ಟಿದ್ರ ಆಚಿಕಡೆ ಕೇಳತೈತಿ ಅಂತ ನನಗ ಹೇಳಿದಾಕಿ ಅವ್ವನಽ.

ಒಮ್ಮೆ ಎದುರುಮನಿ ಕಾಕು ಚಾಷ್ಟಿ ಮಾಡಿದ್ಲು. "ಏನವಾ, ಹೋಗದಽ ಎಲ್ಲಾ ಊರೂ ನೋಡಿಬಿಟ್ಟಿ. ಟಿಕೀಟು ಉಳೀತು ನಿಂದು."

ಅವ್ವ ನಕ್ಕಳು. "ಹೂಂ, ಎಲ್ಲಾ ಊರೂ ನಮ್ಮ ಮನಿಗೆ ಬಂದು ಕುಂತಾವು. ನಾನಽ ಅವಕ್ಕ ಚಾ ಮಾಡಿ ಕೊಡೂದೊಂದು ಬಾಕಿ."

ನಾನೂ ನಕ್ಕೆ. ಆವಾಗ ನನಗ ಹನ್ನೊಂದೋ ಹನ್ನೆರಡೋ. ಅದರಾಗ ನಗೂವಂಥಾದ್ದು ಏನೂ ಇರಲಿಲ್ಲ ಅಂತ ಈಗ ಅನಸತೈತಿ.

ಅವ್ವಗ ಆಶಾ ಇದ್ದದ್ದು ಒಂದಽ. ಸಮುದ್ರ ನೋಡಬೇಕು. ಗುಡಿ, ಅರಮನಿ ಯಾವುದೂ ಬ್ಯಾಡ. ಅಕಿ ತವರೂರು ಮುಂಡರಗಿ ಹತ್ರ, ತುಂಗಭದ್ರಾ ದಂಡಿ ಮ್ಯಾಲೆ. ಸಣ್ಣಾಕಿದ್ದಾಗ ಹೊಳ್ಯಾಗ ಅರಿವಿ ಒಗೀತ ಕುಂತು, ಈ ನೀರು ಎಲ್ಲೆ ಹೋಗತೈತಿ ಅಂತ ತನ್ನ ಅಪ್ಪನ್ನ ಕೇಳಿದ್ಲಂತ. ಸಮುದ್ರಕ್ಕ ಅಂದ್ನಂತ. ಅವತ್ತಿನಿಂದ, ತನ್ನ ಹೊಳಿ ಹೋಗಿ ಮುಟ್ಟೂ ಜಾಗಾ ನೋಡಬೇಕು ಅಂತ ಆಶಾ. ನಾನು ಸಾಲ್ಯಾಗ ನಕಾಶಿ ನೋಡಿ ಬಂದು ಹೇಳಿದೆ, "ಅವ್ವಾ, ನಮ್ಮ ತುಂಗಭದ್ರಾ ಗೋಕರ್ಣದ ಕಡೆ ಹೋಗೂದಽ ಇಲ್ಲ, ಆಚಿಕಡಿ ಸಮುದ್ರಕ್ಕ ಹೋಗತೈತಿ." ಅಕಿ ಜ್ವಾಳ ಹಸನ ಮಾಡಾಕತ್ತಿದ್ಲು. ಮೊರ ಬಡಕೋತ "ನೀರಿಗೆ ಇದು ಆ ಕಡಿ, ಅದು ಈ ಕಡಿ ಅಂತ ಗೊತ್ತಿರತೈತೇನು, ಸಮುದ್ರ ಎಲ್ಲಾ ಒಂದಽ" ಅಂದ್ಲು.

ಎಂಬತ್ತರ ದಶಕ ಶುರು ಆಗಿತ್ತು, ನನಗ ಹದಿನೈದು ಆಗಿತ್ತು. ಎದುರುಮನಿ ಕಾಕು ಗೋಕರ್ಣ, ಉಡುಪಿ ಕಡೆ ನಾಕು ದಿನದ ಬಸ್ ತಗಸಿದ್ಲು. ಈ ಸಲ ಅವ್ವ ಬರಬೇಕು ಅಂತ ಹಟ ಹಿಡದ್ಲು. ನೈವೇದ್ಯದ ಮಾತು ಬಂತು. ಅದಕ್ಕ ಲಕ್ಷ್ಮೇಶ್ವರದ ಅತ್ತಿ, ಅಂದ್ರ ಅಪ್ಪನ ಅಕ್ಕ, "ನಾನೂ ಆ ಮನ್ಯಾಗ ಹುಟ್ಟಿದಾಕಿನಽ ಅಲ್ಲೇನು, ನಾಕು ದಿನ ನಾ ಬಂದು ಒಲಿ ಮುಂದ ಕುಂಡ್ರತೇನಿ, ನೀ ಹೋಗಿ ಬಾ" ಅಂತ ಹೇಳಿ ಕಳಿಸಿದ್ಲು. ಹೇಳಿದಂಗ ಎರಡು ದಿನ ಮೊದಲಽ ಬಂದ್ಲು.

ಆ ಎರಡು ದಿನ ಅವ್ವನ್ನ ನೀವು ನೋಡಬೇಕಿತ್ತು. ಅವಲಕ್ಕಿ ಹಚ್ಚಿದ್ಲು, ಚಕ್ಕುಲಿ ಕರದ್ಲು, ಟ್ರಂಕಿನ ತಳದಾಗಿನ ಹಸರ ಇಳಕಲ್ ಸೀರಿ ತಗದು ಬಿಸಲಿಗೆ ಹಾಕಿದ್ಲು. ಔಷಧದ ಒಂದು ದೊಡ್ಡ ಬಾಟ್ಲಿ ತಗೊಂಡು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳದ್ಲು. ಅದರಾಗ ಸಮುದ್ರದ ನೀರು ತರಾಕ. ಓಣ್ಯಾಗಿನ ಹೋಗಲಾರದ ಹೆಣ್ಣುಮಕ್ಕಳಿಗೆಲ್ಲಾ ಒಂದೊಂದು ಹನಿ ಕೊಡತೇನಿ ಅಂತ. ಜೀವಮಾನದಾಗ ಮೊದಲನೇ ಸಲ ತಾನು ತಂದು ಕೊಡಾಕಿ ಆಗಾಕಿದ್ಲು. ಅತ್ತಿ ಕುಂತಲ್ಲಿಂದಽ ಕಾಡಸತಿದ್ಲು. "ಸಮುದ್ರದಾಗ ಭಾಳ ಮುಂದ ಹೋಗಬ್ಯಾಡ. ನೀ ಹೋದ್ರ ನನ್ನ ತಮ್ಮಗ ಇನ್ನೊಂದು ಲಗ್ನ ಮಾಡಾಕ ನನಗ ತ್ರಾಣ ಇಲ್ಲ."

ಈಗ ನಿಮಗೊಂದು ರಿವಾಜು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ನಮ್ಮ ಮಂದ್ಯಾಗ ದಾಯಾದಿ ಯಾರರ ತೀರಿಕೊಂಡ್ರ ಸೂತಕ. ಸೂತಕ ಇದ್ದಾಕಿ ದೇವರ ಅಡಗಿ ಮುಟ್ಟೂಹಂಗಿಲ್ಲ. ಆದ್ರ ಆ ಸೂತಕ ಹತ್ತೂದು ಸುದ್ದಿ ಕಿವಿಗೆ ಬಿದ್ದ ಗಳಿಗಿಯಿಂದ. ಕೇಳೂತನಕ ಏನೂ ಇಲ್ಲ. ಅದಕ್ಕಽ ಮನ್ಯಾಗ ಲಗ್ನ, ಮುಂಜಿವಿ ಇದ್ರ ಸುದ್ದಿ ತಡದು ಮುಟ್ಟಸತಾರ. ಸಾವಿನ ಕಾರ್ಡಿನ ತಲಿ ಮ್ಯಾಲೆ ಶ್ರೀ ಬರಿಯೂದಿಲ್ಲ. ತಿಳದವರು ಕಾರ್ಡು ಕೈಗೆ ಬಂದ ಕೂಡ್ಲೆ ಮೊದಲು ತಲಿ ನೋಡತಾರ. ಶ್ರೀ ಇಲ್ಲಂದ್ರ ಬಾಯಿ ಮುಚಿಗೊಂಡು ಹೊರಗಽ ಓದಿ, ಯಾರಿಗೆ ಯಾವಾಗ ಹೇಳಬೇಕು ಅಂತ ವಿಚಾರ ಮಾಡಿ, ಹರದು ಒಗೀತಾರ.

ಬಸ್ ಮರುದಿನ ಮುಂಜಾನೆ. ಹಿಂದಿನ ದಿನ ಮಧ್ಯಾಹ್ನ ಪೋಸ್ಟಮನ್ ಬಂದ. ನಾನು ಕಟ್ಟಿ ಮ್ಯಾಲೆ ಕುಂತಿದ್ದೆ. ಕಾರ್ಡು ಕೊಡೂ ಮುಂದ ಆತ ಒಂದು ಗಳಿಗಿ ತಡದ.

"ಅಪ್ಪಾರು ಅದಾರೇನವಾ?"

"ಸಾಲಿಗೆ ಹೋಗ್ಯಾರ್ರಿ."

"ಹಂಗಾದ್ರ ಸಂಜೀಕ ಅವರ ಕೈಯಾಗಽ ಕೊಡಲೇನು?"

"ಕೊಡ್ರಿ ಕಾಕಾ. ಮನ್ಯಾಗ ಕಾರ್ಡು ಓದಾಕಿ ನಾನಽ."

ಖರೇನಽ ನಾನಽ ಓದಾಕಿ. ಅವ್ವಗ ಕೂಡಿಸಿ ಕೂಡಿಸಿ ಓದಾಕ ಬರತಿತ್ತು, ಅತ್ತಿಗೆ ಅದೂ ಇಲ್ಲ. ಓದೂದಂದ್ರ ನನಗ ಎಲ್ಲಿಲ್ಲದ ಹುಮ್ಮಸ್ಸು. ಕಿರಾಣಿ ಕಟ್ಟಿದ ಪೇಪರೂ ಬಿಡತಿರಲಿಲ್ಲ. ಕಾರ್ಡು ಅತ್ತಿಗೆ ಬಂದದ್ದು, ಲಕ್ಷ್ಮೇಶ್ವರದಿಂದ ಮಾಮಾ ಬರದದ್ದು. ಹೊಚ್ಚಲಾ ದಾಟಕೋತಽ ದೊಡ್ಡ ದನಿಲೆ ಶುರು ಮಾಡಿದೆ. "ಅತ್ತೀ, ಮಾಮಾರ ಕಾರ್ಡು ಬಂತು. ಶಿರಹಟ್ಟ್ಯಾಗ ನಮ್ಮ ದೊಡ್ಡಪ್ಪನ ಮಗ, ಅಣ್ಣ, ಮೊನ್ನೆ ಸೋಮವಾರ..." ಬಾಯಿ ಮುಂದ ಓಡಿತ್ತು, ಕಣ್ಣು ಆಮ್ಯಾಲೆ ಮುಟ್ಟಿತು. "...ತೀರಿಕೊಂಡ" ಅನ್ನೂದನ್ನೂ ಓದಿ ಮುಗಿಸಿಬಿಟ್ಟಿದ್ದೆ.

ಅಡಗಿಮನ್ಯಾಗ ಸಪ್ಪಳ ನಿಂತಿತು. ಅವ್ವ ಚಕ್ಕುಲಿ ಡಬ್ಬಿ ಮುಚ್ಚಾಕತ್ತಿದ್ಲು, ಮುಚ್ಚಳ ಕೈಯಾಗಽ ಉಳೀತು. ಅತ್ತಿ ಕಂಬಕ್ಕ ಆತು ಕುಂತು ಬತ್ತಿ ಹೊಸ್ಯಾಕತ್ತಿದ್ಲು. ಹೊಸಿಯೂದು ಬಿಡಲಿಲ್ಲ. ತಲಿ ಎತ್ತದಽ ಅಂದ್ಲು:

"ಇಕಿ ಏನು ವಟವಟ ಅನ್ನಾಕತ್ತಾಳ. ನನಗೇನೂ ಕೇಳಸಲಿಲ್ಲ."

ಮತ್ತೊಂದು ಬತ್ತಿಗೆ ಹತ್ತಿ ತಗೊಂಡ್ಲು.

"ನಾನು ಕಿವುಡಿ ಆಗಿ ವರ್ಷ ಆತು, ನಿಮಗ್ಯಾರಿಗೂ ಗೊತ್ತಿಲ್ಲೇನು? ಆ ಕಾರ್ಡು ಗೂಡಿನ್ಯಾಗ ಇಡವಾ. ನಾಕು ದಿನ ಬಿಟ್ಟು ಓದಿದ್ರಾತು." ಅವ್ವಗ ಅಂದ್ಲು, "ನೀ ಸೀರಿ ಮಡಚಿ ಇಟಗೊ, ಹೋಗು."

ಅವ್ವ ಹೊರಗ ಬಂದು ಅತ್ತಿ ಮುಂದ ಕುಂತ್ಲು. "ಅಕ್ಕಾರ, ನಿಮಗ ಕೇಳಿಸಿಲ್ಲ ಅಂತ ತಿಳೀರಿ. ನನಗ ಕೇಳಸೇತಿ."

"ನಿನಗ ಸೂತಕ ಇಲ್ಲಲ್ಲ. ಅವರು ನನ್ನ ಗಂಡನ ಕಡಿಯವರು."

"ನನಗ ಸೂತಕ ಇಲ್ಲ. ಗೊತ್ತಿದ್ದೂ ನಿಮ್ಮನ್ನ ಆ ಒಲಿ ಮುಂದ ಕುಂಡರಸಿ ಹೋಗಬೇಕಲ್ಲ ನಾನು. ನಿಮ್ಮ ತಲಿ ಮ್ಯಾಲೆ ಅದನ್ನ ಹ್ಯಾಂಗ ಹೊರಸಲಿ?"

"ಹೊರಸು. ನನ್ನ ತಲಿ ಗಟ್ಟಿ ಐತಿ."

ಅವ್ವ ಅತ್ತಿ ಕೈಯಾಗಿನ ಬತ್ತಿ ತಗೊಂಡು ಬಾಜೂಕ ಇಟ್ಲು. ಅತ್ತಿಗೆ ಆವಾಗ ಕಣ್ಣೀರು ಬಂದ್ವು. ತೀರಿಕೊಂಡವರಿಗಂತ ಅಲ್ಲ ಅವು, ನನಗ ಗೊತ್ತೈತಿ.

ಸಂಜೀಕ ಅಪ್ಪ ಬಂದ, ಸೈಕಲ್ ನಿಲ್ಲಿಸಿದ, ಕಾಲು ತೊಕ್ಕೊಂಡ. ಅತ್ತಿ ಹೊರಗಿನ ಕಟ್ಟಿ ಮ್ಯಾಲೆ ಕುಂತದ್ದು ನೋಡಿ ಏನೋ ಆಗೇತಿ ಅಂತ ತಿಳಕೊಂಡ. ಅವ್ವ ಹೇಳಿದ್ಲು. ಅಪ್ಪ ನನ್ನ ಕಡೆ ಒಮ್ಮೆ ನೋಡಿದ, ಬೈಲಿಲ್ಲ. "ಆತು" ಅಂದ. ಅಷ್ಟಽ ಅಂದ. ಅಂದು ಭಾವಿ ಕಡೆ ಸ್ನಾನಕ್ಕ ಹೋದ.

ಅವ್ವನ ಸೀಟಿನ್ಯಾಗ ನಾನು ಹೋದೆ. ಬ್ಯಾಡ ಅಂದೆ, ಖರೇನಽ ಅಂದೆ. "ಸೀಟು ಖಾಲಿ ಹೋದ್ರ ಕಾಕುಗ ಬ್ಯಾಸರ ಆಗತೈತಿ, ಹೋಗು" ಅಂದ್ಲು. ಬಾಟ್ಲಿ ನನ್ನ ಚೀಲದಾಗ ಇಟ್ಟು, "ಇದರಾಗ ಒಂದಿಷ್ಟು ತುಂಬಕೊಂಡು ಬಾ. ದಂಡಿ ಮ್ಯಾಲಿನ ನೀರು ಬ್ಯಾಡ, ಉಸುಕು ಇರತೈತಿ. ಮೊಳಕಾಲಮಟ ಹೋಗಿ ತುಂಬು" ಅಂದ್ಲು. ಎಂದೂ ನೋಡದ ಸಮುದ್ರದ ದಂಡಿ ನೀರು ಹೆಂಗಿರತೈತಿ ಅಂತ ಅಕಿಗೆ ಹೆಂಗ ಗೊತ್ತಿತ್ತೋ. ತನ್ನ ಹೊಳಿ ನೆನಸಿ ಹೇಳಿರಬೇಕು.

ಬಸ್ಸಿನ್ಯಾಗ ಹುಬ್ಬಳ್ಳಿ ದಾಟೂತನಕ ನಾನು ಅಳಕೋತ ಕುಂತಿದ್ದೆ. ಆಮ್ಯಾಲೆ ಘಟ್ಟ ಬಂತು, ಗಿಡ ಬಂದ್ವು, ಕಿಡಕಿ ಹಿಡದು ಬಾಯಿ ತಕ್ಕೊಂಡು ನೋಡಕೋತ ಹೋದೆ. ಗೋಕರ್ಣದಾಗ ಗುಡಿ ದರ್ಶನ ಮುಗಿಸಿ ಓಣಿ ತಿರುವಿನ್ಯಾಗ ಬಂದ್ರ, ಎದುರಿಗೆ ನೀರು. ನಾನು ಅದನ್ನ ವರ್ಣನಾ ಮಾಡಾಕ ಹೋಗೂದಿಲ್ಲ. ಚಪ್ಪಲಿ ಕೈಯಾಗ ಹಿಡಕೊಂಡು ಓಡಿದೆ ಅಷ್ಟಽ. ಲಂಗ ತೋಯ್ತು, ಜಡಿ ಬಿಚ್ಚಿತು, ತೆರಿ ಬಂದು ಕೆಡವಿತು, ಎದ್ದೆ, ಮತ್ತ ಕೆಡವಿತು. ಎದುರುಮನಿ ಕಾಕು ಸೀರಿ ಎತ್ತಿ ಕಟಿಗೊಂಡು ಸಣ್ಣ ಹುಡಿಗಿಗತೆ ಕೂಗತಿದ್ಲು. ಹೊತ್ತು ಮುಳಗೂತನಕ ಇದ್ವಿ. ನನ್ನ ಜೀವಮಾನದಾಗ ಅಷ್ಟು ಸಂತೋಷ ಆವತ್ತಿನ ಹಿಂದ ಆಗಿರಲಿಲ್ಲ, ಮುಂದ ಆಗಿಲ್ಲ.

ಮರುದಿನದಿಂದ ಗುಡಿ ಮ್ಯಾಲೆ ಗುಡಿ ಸುತ್ತಿದ್ವಿ. ನಾಕನೇ ದಿನ ಊರಕಡೆ ಬರೂ ಮುಂದ, ಘಟ್ಟ ಹತ್ತಿ ಯಲ್ಲಾಪುರ ದಾಟಿ, ಹಾದ್ಯಾಗ ಒಂದು ನಳದ ಹತ್ರ ಊಟಕ್ಕ ನಿಲ್ಲಿಸಿದ್ರು. ಹಣಿಗಿ ಹುಡಕಾಕ ಚೀಲದಾಗ ಕೈ ಹಾಕಿದೆ. ಬಾಟ್ಲಿ ಕೈಗೆ ಬಂತು. ಖಾಲಿ ಇತ್ತು.

ಏನು ಹೇಳಲಿ. ಬಸ್ ತಿರುಗಿಸ್ರಿ ಅನ್ನೂಹಂಗಿಲ್ಲ. ಕಾಕುಗ ಹೇಳಿದ್ರ ಓಣಿಗೆಲ್ಲಾ ಗೊತ್ತಾಗತೈತಿ. ನಾನು ನಳದ ಕೆಳಗ ಬಾಟ್ಲಿ ಹಿಡದೆ. ಅಡಗಿ ಪೆಟಗ್ಯಾಗಿಂದ ಉಪ್ಪಿನ ಪುಡಿಕಿ ತಗದು ಒಂದು ಹಿಡಿ ಹಾಕಿ ಅಲಗಾಡಿಸಿದೆ. ನಾಲಿಗಿಗೆ ಹಚ್ಚಿ ನೋಡಿದೆ, ಸಾರಿನ ಉಪ್ಪು ಆದಂಗ ಆಗಿತ್ತು, ಸಮುದ್ರ ಆಗಿರಲಿಲ್ಲ. ಮತ್ತೊಂದು ಹಿಡಿ ಹಾಕಿದೆ. ಕಾಕು ನೋಡಿಬಿಟ್ಲು.

"ಏನ ಮಾಡಾಕತ್ತೀಯ ಅಲ್ಲೆ?"

"ಹಲ್ಲು ನೋಯಾಕತ್ತಾವ್ರಿ ಕಾಕು. ಉಪ್ಪುನೀರಲೆ ಮುಕ್ಕಳಸತೇನಿ."

"ಬಾಟ್ಲಿಗಟ್ಟಲೆ ಮುಕ್ಕಳಸತೀ? ಹಲ್ಲು ಎಷ್ಟದಾವು ನಿನಗ?" ಅಂತ ನಕ್ಕು ಊಟಕ್ಕ ಹೋದ್ಲು.

ಲಂಗದ ಅಂಚಿನ ಮಡಿಚಿನ್ಯಾಗ ಒಂದಿಷ್ಟು ಉಸುಕು ಹೊಕ್ಕಿತ್ತು, ಒಣಗಿತ್ತು. ಅದನ್ನ ಬಿಡಿಸಿ ಬಾಟ್ಲ್ಯಾಗ ಉದುರಿಸಿದೆ. ಆ ಬಾಟ್ಲ್ಯಾಗ ಖರೆ ಅನ್ನೂದು ಇದ್ರ ಆ ಉಸುಕು ಒಂದಽ, ಅದೂ ನಾನು ತಂದದ್ದಲ್ಲ, ತಾನಾಗಿ ಬಂದದ್ದು.

ಅವ್ವ ಬಾಗಲದಾಗ ನಿಂತಿದ್ಲು. ನನ್ನ ಮಾರಿ ನೋಡಿ "ಎಷ್ಟು ಕರ್ರಗ ಆಗೀಯ" ಅಂದ್ಲು. ಬಾಟ್ಲಿ ಇಸಗೊಂಡು ಬೆಳಕಿಗೆ ಹಿಡದ್ಲು. ತಳದಾಗ ಉಸುಕು ಕಂಡಿತು. "ನಾ ಹೇಳಿದ್ರೂ ದಂಡಿದಽ ತುಂಬೀ ನೋಡು" ಅಂದ್ಲು. ಬೂಚು ತಗದು ಬೆರಳಿಗೆ ಒಂದು ಹನಿ ತಗೊಂಡು ಕಣ್ಣಿಗೊತ್ತಿ ನಾಲಿಗಿಗೆ ಹಚ್ಚಿಕೊಂಡ್ಲು. ಕಣ್ಣು ಮುಚ್ಚಿದ್ಲು.

"ಇಷ್ಟು ಉಪ್ಪು ಇರತೈತೇನು?"

"ಹೂಂ."

"ಸಪ್ಪಳ ಹೆಂಗ ಮಾಡತೈತಿ?"

ನಾನು ವಿಚಾರ ಮಾಡಿದೆ. ಇದನ್ನರ ಖರೆ ಹೇಳಬೇಕು ಅನಸಿತು. "ದೂರದಾಗ ರೈಲು ಬರತೈತಲ್ಲ ಗದಗಿಗೆ, ಹಂಗ. ಆದ್ರ ರೈಲು ಬಂದು ನಿಲ್ಲತೈತಿ, ಇದು ಬರಕೋತಽ ಇರತೈತಿ."

ಆವತ್ತಿನಿಂದ ಅವ್ವ ರೈಲಿನ ಸಪ್ಪಳಕ್ಕ ಕೆಲಸ ನಿಲ್ಲಿಸಿ ನಿಲ್ಲೂದು ಶುರು ಮಾಡಿದ್ಲು. ಒಲಿ ಮುಂದ ಸೌಟು ಹಿಡಕೊಂಡು. ಅದು ನಿಲ್ಲೂತನಕ ನಿಂದ್ರತಿದ್ಲು, ಆಮ್ಯಾಲೆ ಮತ್ತ ಸೌಟು ಆಡಸತಿದ್ಲು.

ಓಣಿ ಹೆಣ್ಣುಮಕ್ಕಳು ವಾಟಗಾ ಹಿಡಕೊಂಡು ಬಂದ್ರು. ಎಲ್ಲರಿಗೂ ಒಂದೊಂದು ಚಮಚ ಕೊಟ್ಲು. ಹತ್ತಿ ಆರಸಾಕ ಹೋಗೂ ಒಬ್ಬ ಮುದುಕಿ ಅದನ್ನ ತಲಿ ಮ್ಯಾಲೆ ಹಾಕ್ಕೊಂಡು "ನನ್ನ ಸಮುದ್ರ ಸ್ನಾನ ಆತವಾ, ನಿಮ್ಮ ಹೊಟ್ಟಿ ತಣ್ಣಗಿರಲಿ" ಅಂತ ನನ್ನ ಗದ್ದಾ ಹಿಡದು ಅಂದ್ಲು. ನನಗ ಅಲ್ಲೇ ಭೂಮ್ಯಾಗ ಇಳದು ಹೋಗಬೇಕು ಅನಸಿತು. ಉಳದದ್ದನ್ನ ಅವ್ವ ಜತನ ಮಾಡಿದ್ಲು. ಅಮಾಸಿಗೆ ಒಮ್ಮೆ ಜಳಕದ ನೀರಿಗೆ ನಾಕು ಹನಿ ಹಾಕ್ಕೊತಿದ್ಲು. ಕಡಿಮಿ ಆದಂಗೆಲ್ಲಾ ಭಾವಿ ನೀರು ಕೂಡಸತಿದ್ಲು. ಗಂಗಾದ ನೀರಿಗೆ ಹಂಗ ಮಾಡತಾರಲ್ಲ, ಕೂಡಿದ ನೀರೂ ಗಂಗಾನಽ ಆಗತೈತಿ ಅಂತ, ಹಂಗ. ವರ್ಷ ಆಗೂದ್ರಾಗ ಅದರಾಗ ಉಪ್ಪು ಇತ್ತೋ ಇಲ್ಲೋ.

ಹೇಳಬೇಕು ಹೇಳಬೇಕು ಅಂತ ನಾಕು ವರ್ಷ ಹೋದ್ವು. ಮತ್ತ ಬಸ್ ಹೋದ್ವು. ಯಾರರ ಕರದ್ರ ಅವ್ವ "ನಂದಾತಲ್ಲ, ಮಗಳು ಹೋಗಿ ಬಂದಾಳ, ತಂದೂ ಕೊಟ್ಟಾಳ" ಅನ್ನತಿದ್ಲು. ಆಶಾ ತೀರಿದವ್ರು ಅನ್ನೂಹಂಗ. ಅದನ್ನ ಕೇಳಿದ ಪ್ರತಿ ಸಲ ನಾನು ಎದ್ದು ಹಿತ್ತಲಕ್ಕ ಹೋಗತಿದ್ದೆ.

ಆಮ್ಯಾಲೆ ಕಾಲು ಬಾತ್ವು. ಮಾರಿ ಬಾತಿತು. ಡಾಕ್ಟರು ಮೂತ್ರಪಿಂಡ ಹೋಗ್ಯಾವು ಅಂದ್ರು, ಉಪ್ಪು ಪೂರಾ ಬಿಡ್ರಿ ಅಂದ್ರು. ಉಪ್ಪಿಲ್ಲದ ಗಂಜಿ ಮುಂದ ಇಟ್ರ ಅವ್ವ ಚಾಷ್ಟಿ ಮಾಡತಿದ್ಲು, "ನನ್ನ ಪಾಲಿನ ಉಪ್ಪು ಗೂಡಿನ್ಯಾಗಿನ ಬಾಟ್ಲ್ಯಾಗ ಐತಿ, ಕೊಡಬ್ಯಾಡ್ರಿ ಮತ್ತ." ಅಕಿ ಹಾಸಿಗಿ ಹಿಡದ ಮ್ಯಾಲೆ ಅಪ್ಪ ದೇವರಿಗೆ ಹಾಲು ಸಕ್ಕರಿ ಇಟ್ಟು ನಡಸತಿದ್ದ. ಕಡೀ ತಿಂಗಳಾಗ ಒಂದು ಮಧ್ಯಾಹ್ನ ನಾನು ಬಾಜೂಕ ಕುಂತಿದ್ದೆ. ರೈಲು ಬಂತು. ಅವ್ವ ಕಣ್ಣು ತಗೀಲಿಲ್ಲ, "ಬಂತು ನೋಡು" ಅಂದ್ಲು. ಅವ್ವಾ, ನಾ ಒಂದು ಮಾತು ಹೇಳಬೇಕು ಅಂದೆ. "ಹೇಳು" ಅಂದ್ಲು. ಬಾಯಿ ತನಕ ಬಂತು. ಅಕಿ ಮಾರಿ ಅಷ್ಟು ಶಾಂತ ಇತ್ತು, ನಾನು "ಕಾಲು ಒತ್ತಲೇನು" ಅಂತ ಕೇಳಿ ಕಾಲು ಒತ್ತಿದೆ.

ಹದಿನೈದು ದಿನಕ್ಕ ಹೋದ್ಲು. ಲಕ್ಷ್ಮೇಶ್ವರದ ಅತ್ತಿ ಬಂದು ಕಡೀ ಜಳಕ ಮಾಡಸಾಕ ನಿಂತ್ಲು. ನೀರು ಕಾಸಿ ತಂದ್ರು. ಅತ್ತಿ ನನ್ನ ಕಡೆ ತಿರುಗಿ, "ಆ ಬಾಟ್ಲಿ ತಗೊಂಡು ಬಾರವಾ. ಸಮುದ್ರದ್ದು ಇರೂದೆಲ್ಲಾ ಹಾಕೂಣು" ಅಂದ್ಲು. ತಂದು ಕೊಟ್ಟೆ. ಬಾಯಿ ಬಿಡಲಿಲ್ಲ. ಅತ್ತಿ ಪೂರಾ ಸುರವಿದ್ಲು, ತಳದಾಗಿನ ಉಸುಕು ಸೈತ.

ಸೂತಕ ಕಳದ ಮರುದಿನ ಗುಡಿ ನೈವೇದ್ಯ ಯಾರು ಮಾಡೂದು ಅಂತ ಮಾತು ಬಂತು. ಅತ್ತಿಗೆ ಆವಾಗ ಮೊಳಕಾಲು ಹಿಡದಿದ್ವು, ಒಲಿ ಮುಂದ ಕುಂಡ್ರಾಕ ಆಗತಿರಲಿಲ್ಲ. ಅಪ್ಪ ಎದ್ದ. ಸ್ನಾನ ಮಾಡಿ, ಮಡಿ ಉಟಗೊಂಡು ಅಡಗಿಮನಿಗೆ ಹೋದ. ಒಲಿ ಹಚ್ಚಿದ. ಅನ್ನಕ್ಕ ಇಟ್ಟ, ಬ್ಯಾಳಿ ಬೇಯಿಸಿ ತೊವ್ವಿ ಮಾಡಿದ, ಒಂದು ಪಲ್ಯ, ಒಂದು ಪಾಯಸ. ಅನ್ನ ಹತ್ತಲಿಲ್ಲ, ಬ್ಯಾಳಿ ಉಕ್ಕಲಿಲ್ಲ. ಇಂಗಿನ ಡಬ್ಬಿ ಎಲ್ಲೈತಿ ಅಂತ ಸುದ್ದಾ ಕೇಳಲಿಲ್ಲ. ನಾನು, ಅತ್ತಿ ಬಾಗಲದ ಹೊರಗ ನಿಂತು ನೋಡಿದ್ವಿ.

ಅಪ್ಪ ಗುಡಿಯಿಂದ ತಿರುಗಿ ಬಂದ ಮ್ಯಾಲೆ ಅತ್ತಿ ಕೇಳಿದ್ಲು. "ನಿನಗ ಇದು ಮೊದಲಽ ಬರತಿತ್ತೇನು?"

"ಬರತಿತ್ತು."

"ಮತ್ತ ಆವತ್ತ, ಅಕಿ ಹೋಗೂದು ತಪ್ಪಿದಾಗ?"

ಅಪ್ಪ ಕೈಯಾಗಿನ ನೈವೇದ್ಯದ ಪಾತ್ರಿ ಕೆಳಗ ಇಟ್ಟ. "ಯಾರೂ ಕೇಳಲಿಲ್ಲ" ಅಂದ. ಆಮ್ಯಾಲೆ, "ನಾನೂ ಅನಲಿಲ್ಲ" ಅಂದ. ಒಳಗ ಹೋಗಿ ದೇವರ ಪಾತ್ರಿ ತಿಕ್ಕಾಕ ಕುಂತ. ಅವ್ವ ಕುಂಡ್ರೂ ಜಾಗಾದಾಗಽ.

ಆವತ್ತು ನಾನು ಅತ್ತಿ ಮುಂದ ಬಾಟ್ಲಿ ವಿಷಯ ಹೇಳಿಬಿಟ್ಟೆ. ನಳ, ಉಪ್ಪು, ಎಲ್ಲಾ. ಅತ್ತಿ ಸಿಟ್ಟಿಗೇಳಲಿಲ್ಲ. ನನ್ನ ತಲಿ ಮ್ಯಾಲೆ ಕೈ ಆಡಿಸಿ, "ಉಪ್ಪು ಎಲ್ಲಿಂದ ಬರತೈತಿ? ಸಮುದ್ರದಿಂದನಽ ಅಲ್ಲೇನು? ಅತ್ತದ್ದು ಸಾಕು, ಬಿಡು" ಅಂದ್ಲು. ಅಕಿ ಅಂದದ್ದು ಖರೆನಽ ಇದ್ದೀತು. ನನಗ ಸಮಾಧಾನ ಆಗಲಿಲ್ಲ. ನೀರು ಸುಳ್ಳಾದದ್ದಕ್ಕಲ್ಲ ನನ್ನ ಅಳು. ಸಮುದ್ರದ ಮುಂದ ನಿಂತಾಗ ನನಗ ಅವ್ವ ಒಂದು ಸಲನೂ ನೆನಪಾಗಲಿಲ್ಲ. ಮೊಳಕಾಲಮಟ ನೀರಿನ್ಯಾಗ ನಿಂತಿದ್ದೆ, ಅಕಿ ಹೇಳಿದ ಜಾಗಾದಾಗಽ. ನೆನಪು ಮಾಡಿಕೊಳ್ಳಬೇಕಾದಾಗ ಮಾಡಿಕೊಳ್ಳದಾಕಿ, ಆಮ್ಯಾಲೆ ನೆನಪಿಗಂತ ಏನು ತಂದ್ರೇನು?

ಈಗ ನಾನು ಹಿಂಗ ತಿಳಕೊಂಡೇನಿ. ನನ್ನದು ತಪ್ಪೂ ಇದ್ದೀತು, ನನಗ ಯಾರೂ ಕಲಿಸಿಲ್ಲ. ತಂದು ಕೊಡೂ ವಸ್ತು, ಹೋಗಿ ಬಂದವರ ಮನಸು ಹಗುರ ಮಾಡತೈತಿ. ಉಳದವರು ಅದನ್ನ ಇಸಗೊಂಡು "ಬಂತು, ಆತು" ಅಂತಾರ, ಮುಂದ ಕೇಳೂದು ಬಿಡತಾರ. ನಮ್ಮ ಮನಿ ಗೂಡು ತುಂಬಿದಂಗ ತುಂಬಿದಂಗ ಅವ್ವ ಕೇಳೂದು ಕಡಿಮಿ ಆತು. ಒಬ್ಬರರ ತುಳಸಿ ಮಣಿ ತರೂದು ಬಿಟ್ಟು, "ಈ ಸಲ ನೀವು ಹೋಗ್ರಿ, ಇಲ್ಲಿಂದು ನಾವು ನೋಡಕೊಂತೇವಿ" ಅಂದಿದ್ರ. ಎದುರುಮನಿ ಕಾಕು ಅಂದ್ಲು, ಅತ್ತಿ ಅಂದ್ಲು. ಆ ಇಬ್ಬರಽ. ಮನ್ಯಾಗಿನವರು ಅನಲಿಲ್ಲ.

ಆದ್ರ ಅಷ್ಟಕ್ಕಽ ಮುಗಸಾಕೂ ಆಗವಲ್ದು. ಅಮಾಸಿ ದಿನ ಜಳಕ ಮಾಡಿ ಬಂದ ಅವ್ವನ ಮಾರಿ ನನಗ ನೆನಪೈತಿ. ತಲಿ ಒದ್ದಿ, ಹಣಿ ಮ್ಯಾಲೆ ಹೊಸಾ ಕುಂಕುಮ, ಎಲ್ಲೋ ದೂರ ಹೋಗಿ ಬಂದಾಕಿಗತೆ ಕಾಣತಿದ್ಲು. ಆ ಸಂತೋಷ ಸುಳ್ಳು ಅನ್ನಾಕ ನನಗ ಹಕ್ಕಿಲ್ಲ. ಅದು ಉಪಯೋಗ ಆತೋ, ಮೋಸ ಆತೋ, ಇವತ್ತಿಗೂ ನನಗ ಹೇಳಾಕ ಬರೂದಿಲ್ಲ.

ಅದಕ್ಕಽ ನಿಮ್ಮನ್ನ ಕೇಳತೇನಿ. ನೀವು ಹೋಗಿ, ಮನ್ಯಾಗ ಉಳದವರಿಗೆ ಏನರ ತಂದೀರೇನು? ಇಲ್ಲಾ, ನೀವಽ ಉಳದು, ಯಾರೋ ತಂದದ್ದನ್ನ ಇಸಗೊಂಡೀರೇನು? ಅದನ್ನ ಕೈಯಾಗ ಹಿಡದಾಗ ನಿಮಗ ಏನನಸಿತು? ಮುಖ್ಯ ಉಳದವರು ಬರೀರಿ. ನಮ್ಮವ್ವನ್ನ ನಾನು ಇದನ್ನ ಕೇಳಲಿಲ್ಲ. ಸಣ್ಣದು ಇದ್ರೂ ನಡೀತೈತಿ, ಅಕ್ಷರ ಹೆಂಗಿದ್ರೂ ನಡೀತೈತಿ. ಬಂದದ್ದನ್ನೆಲ್ಲಾ ನಾ ಕುಂತು ಓದತೇನಿ, ಮನಸಿನ್ಯಾಗಽ.